ವೇಲಿಯಂಟ್ ಸ್ಪೆಷಲ್ ಆಗ್ತಾ ಉಂಟು

ನನಗೆ ಕಾರುಗಳ ಮೇಲೆ ಯಾವ ವ್ಯಾಮೋಹವೂ ಇಲ್ಲ. ಮೋಟಾರು ವಿಮೆಯ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಕಾರು ಎಂದರೆ ಇಂದಲ್ಲ ನಾಳೆ ನಜ್ಜುಗುಜ್ಜಾಗಲಿರುವ ವಸ್ತು, ಅಷ್ಟೆ. ಅಡುಗೆ ಮಾಡುವುದರಲ್ಲೂ ನನಗೆ ಅಂಥ ಉತ್ಸಾಹವಿಲ್ಲ. ಹಾಗಾಗಿ ವಡಪಳನಿಯ ಹರಿದಾಸ ರಾಯರ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದೆ, ಅವರ ಕಾರಿನ ವಿಮೆಯನ್ನು ವರ್ಷಕ್ಕೊಮ್ಮೆ ನಾನೇ ಮಾಡಿಸಿಕೊಡುತ್ತಿದ್ದೆ. ರಾಯರ ಕಥೆ ನನಗೆ ಗೊತ್ತಿರುವುದು ಹೀಗೆ, ಅರ್ಧ ಹೊಟ್ಟೆಯ ಕಾರಣದಿಂದ, ಅರ್ಧ ಕಚೇರಿಯ ಕಾರಣದಿಂದ.

ಆ ಹೋಟೆಲನ್ನು ಕಟ್ಟಿದವರು ಉಡುಪಿಯ ಕಡೆಯಿಂದ ಬಂದ ಅವರ ದೊಡ್ಡಪ್ಪ. ಸಿನಿಮಾ ಸ್ಟುಡಿಯೋದ ಹಿಂಬದಿಯ ರಸ್ತೆಯಲ್ಲಿತ್ತು. ದೊಡ್ಡಪ್ಪ ಒಂದು ನಿಯಮ ಮಾಡಿಟ್ಟು ಸತ್ತಿದ್ದರು: ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಒಂದು ತಿಂಡಿಯ ಹೆಸರು ಬರೆದರೆ, ಅದನ್ನು ಒಬ್ಬ ಗಿರಾಕಿಗಾದರೂ ಬಡಿಸದೆ ಅಳಿಸುವ ಹಾಗಿಲ್ಲ. ಒಮ್ಮೆ ಹಾಲುಬಾಯಿ ಎಂಬ ಸಿಹಿಯ ಹೆಸರು ಬರೆದ ದಿನ ತೆಂಗಿನಹಾಲು ಒಡೆದುಹೋಯಿತಂತೆ. ದೊಡ್ಡಪ್ಪ ಟಿ. ನಗರದವರೆಗೆ ಹೋಗಿ, ಬೇರೆಯವರ ಹೋಟೆಲಿನಲ್ಲಿ ಕೊಂಡು ತಂದು, ತಮ್ಮ ಎಲೆಯಲ್ಲಿಟ್ಟು ಬಡಿಸಿ, ಆಮೇಲೆ ಹಲಗೆ ಒರೆಸಿದರಂತೆ.

ಹರಿದಾಸ ರಾಯರು ಇದನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ದಿದ್ದರು. ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತೇ ಬರುತ್ತಿರಲಿಲ್ಲ. ವಡೆ ಮುಗಿದಿದ್ದರೆ, “ಆಗ್ತಾ ಉಂಟು, ಕೂತ್ಕೊಳ್ಳಿ” ಎನ್ನುವರು. ಒಳಗೆ ಆಗಷ್ಟೇ ಉದ್ದು ನೆನೆಹಾಕುತ್ತಿರುವುದು ನಮಗೆಲ್ಲ ಗೊತ್ತು. ಆದರೂ ಕೂರುತ್ತಿದ್ದೆವು, ಕಾಫಿ ಕುಡಿಯುತ್ತಿದ್ದೆವು, ಊರ ಸುದ್ದಿ ಮಾತಾಡುತ್ತಿದ್ದೆವು. ಗಿರಾಕಿಯನ್ನು ಬರಿಗೈಲಿ ಕಳಿಸುವುದೆಂದರೆ ರಾಯರಿಗೆ ಪ್ರಾಣ ಹೋದ ಹಾಗೆ.

ಇನ್ನು ಕಾರು. ದೊಡ್ಡಪ್ಪ ಯಾವುದೋ ಹರಾಜಿನಲ್ಲಿ ಹಿಡಿದದ್ದು, ಅರವತ್ತರ ದಶಕದ ಪ್ಲಿಮತ್ ವೇಲಿಯಂಟ್. ಅಮೆರಿಕದವರ ಲೆಕ್ಕದಲ್ಲಿ ಅದು ಸಣ್ಣ ಕಾರಂತೆ! ನಮ್ಮ ಓಣಿಯಲ್ಲಿ ಅದನ್ನು ತಿರುಗಿಸಿದರೆ ಎರಡು ಮನೆಯ ರಂಗೋಲಿ ಹೋಗುತ್ತಿತ್ತು. ಸ್ಟೀರಿಂಗ್ ಎಡಗಡೆ ಇತ್ತು. ಮುಂದಿನ ಬಸ್ಸನ್ನು ದಾಟಬೇಕೆಂದರೆ ಬಲಗಡೆ ಕೂತವರು ತಲೆ ಹೊರಹಾಕಿ ನೋಡಿ ಹೇಳಬೇಕು. ಆ ಕೆಲಸ ರಾಯರ ಹೆಂಡತಿ ರತ್ನಾವತಿಯದು. ದಿನಾ ಬೆಳಗಾಗುತ್ತಲೇ ಇಬ್ಬರೂ ಕೋಯಂಬೇಡು ಮಾರುಕಟ್ಟೆಗೆ ಹೋಗಿ ನುಗ್ಗೆಕಾಯಿ, ತೆಂಗಿನಕಾಯಿ ತುಂಬಿಸಿಕೊಂಡು ಬರುತ್ತಿದ್ದರು. ಕಾರಿನ ಒಳಗೆಲ್ಲ ಕೊತ್ತಂಬರಿ ಸೊಪ್ಪಿನ ವಾಸನೆ.

ತೊಂಬತ್ತೊಂಬತ್ತರಲ್ಲಿ ಸ್ಟುಡಿಯೋದ ಸೆಟ್ ಚಿತ್ರಕಾರ ವಿಶ್ವನಾಥ ಒಂದು ಹಳೆಯ ಅಮೆರಿಕನ್ ಪತ್ರಿಕೆ ತಂದು ಗಲ್ಲಾದ ಮೇಲಿಟ್ಟ. “ನಿಮ್ಮ ಕಾರಿನ ಅಣ್ಣ ನೋಡಿ ಸಾರ್” ಎಂದ. ಎರಡು ಪುಟಗಳ ಬಣ್ಣದ ಚಿತ್ರ. ವೇಲಿಯಂಟೇ ಹೌದು, ಆದರೆ ಬಾನೆಟ್ ಮೇಲೆ ಗಾಳಿ ಹೀರುವ ಮೂಗು, ಮೈಮೇಲೆ ಜೋಡಿ ಪಟ್ಟೆ, ಹಿಂದೆ ಎರಡು ಹೊಗೆಕೊಳವೆ. ಇಂಥ ಸಣ್ಣ ಕಾರುಗಳಿಗೆ ದೈತ್ಯಶಕ್ತಿ ತುಂಬಿ ಓಟದ ಮಾದರಿ ಮಾಡಬೇಕೆಂದು ಕಂಪನಿಗಳು ಯೋಜನೆ ಹಾಕಿ, ಚಿತ್ರ ಬರೆಸಿ, ಕೊನೆಗೆ ಕೈಬಿಟ್ಟವಂತೆ. ಸಣ್ಣ ಕಾರೇ ಹಾಗೆ ಓಡಿದರೆ ದೊಡ್ಡದನ್ನು ಯಾರು ಕೊಳ್ಳುತ್ತಾರೆ ಎಂಬ ಹೆದರಿಕೆಯಂತೆ. ಇದೆಲ್ಲ ನಿಜವೋ, ಚಿತ್ರ ಬರೆದವನ ಕಲ್ಪನೆಯೋ ನಾನು ವಿಚಾರಿಸಲಿಲ್ಲ. ರಾಯರಂತೂ ಒಂದು ಅಕ್ಷರವನ್ನೂ ಅನುಮಾನಿಸಲಿಲ್ಲ.

ಅವರಿಗೆ ಸಿಟ್ಟು ಬಂತು. “ಎಂತ ಜನ ಮಾರಾಯ್ರೆ ಇವರು? ಬೋರ್ಡಿನಲ್ಲಿ ಬರೆದು, ಗಿರಾಕಿಗೆ ಆಸೆ ಹುಟ್ಟಿಸಿ, ಆಮೇಲೆ ಒಳಗಿಂದ ಕೊಡದೇ ಕೂತ್ರೆ!” ಎಂದರು. ಯಾವ ಊರಿನ ಕಂಪನಿಯೋ, ಯಾವ ಕಾಲದ ಮಾತೋ. ರಾಯರಿಗೆ ಅದು ಪಕ್ಕದ ಹೋಟೆಲಿನವನು ಮಾಡಿದ ಮೋಸದಂತೆ ಉರಿಯಿತು. “ನಾನು ಮಾಡಿ ಕೊಡ್ತೇನೆ” ಎಂದು ಅದೇ ಉರಿಯಲ್ಲಿ ಎದ್ದು, ಸೀಮೆಸುಣ್ಣ ತೆಗೆದುಕೊಂಡು, ಕಪ್ಪು ಹಲಗೆಯಲ್ಲಿ ಬಿಸಿಬೇಳೆ ಭಾತ್, ಜಾಮೂನಿನ ಕೆಳಗೆ ‘ವೇಲಿಯಂಟ್ ಸ್ಪೆಷಲ್’ ಎಂದು ಬರೆದೇಬಿಟ್ಟರು. ಕನ್ನಡದಲ್ಲೂ ತಮಿಳಿನಲ್ಲೂ.

ಬರೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮೊದಲ ಗಿರಾಕಿ ಬಂದರು. ತಿರುಮಲೇಶ ಅವರು, ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು. ಮೈಸೂರಿನ ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ತಮಿಳರ ನಡುವೆ. ಹಲಗೆ ಓದಿ, “ಇದೇನ್ರೀ ಹೊಸದು? ಸರಿ, ಒಂದು ವೇಲಿಯಂಟ್ ಸ್ಪೆಷಲ್ ಕೊಡಿ. ಚಟ್ನಿ ಕೊಂಜ ಜಾಸ್ತಿ ಇರಲಿ” ಎಂದರು.

ಅದು ತಿಂಡಿಯಲ್ಲ, ಕಾರು ಎಂದು ಹೇಳಿ ಮುಗಿಸಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ರಾಯರ ಬಾಯಿಂದ ಅಭ್ಯಾಸಬಲದಿಂದ ಬಂದದ್ದು, “ಆಗ್ತಾ ಉಂಟು, ಕೂತ್ಕೊಳ್ಳಿ.”

ಸಿಕ್ಕಿಬಿದ್ದರು. ಬರೆದದ್ದೂ ಆಯಿತು, ಗಿರಾಕಿಯ ಆರ್ಡರ್ ತೆಗೆದುಕೊಂಡದ್ದೂ ಆಯಿತು. ವಿಷಯ ತಿಳಿದ ಮೇಲೆ ತಿರುಮಲೇಶರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ಆರ್ಡರ್ ವಾಪಸು ತೆಗೆದುಕೊಳ್ಳಲಿಲ್ಲ. “ನಾನು ಕೇಳಿದ್ದು ಕೇಳಿದ್ದೇ ಕಣ್ರೀ. ಮೊದಲನೇ ಸವಾರಿ ನನಗೆ” ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಬಂದು, ಕುರ್ಚಿ ಎಳೆಯುವ ಮೊದಲೇ ಕೂಗುತ್ತಿದ್ದರು, “ರಾಯರೇ, ನನ್ನ ಸ್ಪೆಷಲ್ ಏನಾಯ್ತು?” ರಾಯರು ಗಲ್ಲಾದಿಂದಲೇ, “ಆಗ್ತಾ ಉಂಟು!” ಎನ್ನುತ್ತಿದ್ದರು. ಹೋಟೆಲಿಗೆ ಹೋಟೆಲೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ರಾಯರು ಮಾತ್ರ ನಗುತ್ತಿರಲಿಲ್ಲ. ದೊಡ್ಡಪ್ಪನ ಫೋಟೋ ಗಲ್ಲಾದ ಹಿಂದೆಯೇ ಇತ್ತು.

ಕೆಲಸ ಶುರುವಾಯಿತು. ಅಶೋಕ ನಗರದ ಮೆಕ್ಯಾನಿಕ್ ಸಾಯಿ ಬಂದ. ಬಂದವನು ಮೊದಲು ಪೊಂಗಲ್ ತಿನ್ನುವನು, ಆಮೇಲೆ ಬಾನೆಟ್ ಎತ್ತುವನು, ನೋಡಿ ನಿಟ್ಟುಸಿರು ಬಿಟ್ಟು ಕಾಫಿ ಕೇಳುವನು. ಎಂಜಿನ್ನಿನ ಭಾಗಗಳಿಗಾಗಿ ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಾಟ ವರ್ಷಗಟ್ಟಲೆ ನಡೆಯಿತು. ಜೋಡಿ ಕಾರ್ಬ್ಯುರೇಟರ್ ಸಿಕ್ಕಿತು, ಅದು ಕೂರಲಿಲ್ಲ. ಕೂರಿಸಿದರು, ಹೊತ್ತಿಕೊಂಡಿತು. ಬಾನೆಟ್ಟಿನ ಮೂಗನ್ನು ಪಾತ್ರೆ ರಿಪೇರಿಯವನು ಹೋಟೆಲಿನದೇ ಒಂದು ಹಳೆಯ ಸಾರಿನ ಅಂಡೆಯನ್ನು ಕತ್ತರಿಸಿ ಬಡಿದು ಮಾಡಿಕೊಟ್ಟ. ಎಂಜಿನ್ ಬಿಸಿಯಾದಾಗಲೆಲ್ಲ ಅದರಿಂದ ಇಂಗಿನ ಪರಿಮಳ ಬರುತ್ತಿತ್ತು ಎಂದು ರತ್ನಾವತಿ ಆಣೆ ಹಾಕಿ ಹೇಳುತ್ತಾರೆ. “ಇದನ್ನೆಲ್ಲ ವಿಮೆಯ ಕಚೇರಿಗೆ ತಿಳಿಸಬೇಕು ರಾಯರೇ” ಎಂದು ನಾನು ಹೇಳಿದೆ. “ತಿಳಿಸುವ ಜಯಲಕ್ಷ್ಮೀ. ಈಗ ಆಗ್ತಾ ಉಂಟಲ್ಲ” ಎಂದರು.

ರತ್ನಾವತಿಗೆ ಒಂದು ಹಂತದಲ್ಲಿ ತಾಳ್ಮೆ ತಪ್ಪಿತು. ಗೇರುಬೀಜ, ಕೊತ್ತಂಬರಿ, ತುಪ್ಪ ಸುರಿದು ಒಂದು ದೋಸೆ ಮಾಡಿ ತಂದು ಗಂಡನ ಮುಂದಿಟ್ಟರು. “ಇದೇ ವೇಲಿಯಂಟ್ ಸ್ಪೆಷಲ್. ಇದನ್ನು ತಿರುಮಲೇಶಣ್ಣನಿಗೆ ಬಡಿಸಿ, ಬೋರ್ಡು ಒರೆಸಿ, ನನ್ನ ಕಾರು ನನಗೆ ಕೊಡಿ. ತರಕಾರಿ ಆಟೋದಲ್ಲಿ ತಂದು ತಂದು ಸಾಕಾಯ್ತು ನಂಗೆ!” ಎಂದರು. ನಾನು ಅದರಲ್ಲಿ ಒಂದು ತುಂಡು ಮುರಿದು ತಿಂದೆ. ಅಮೆರಿಕದವರು ಅದನ್ನು ತಿಂದಿದ್ದರೆ ಕಾರು ಮಾಡುವುದನ್ನೇ ಬಿಡುತ್ತಿದ್ದರು. ಆದರೆ ರಾಯರು ತಲೆಯಲ್ಲಾಡಿಸಿದರು. “ನಾನು ಬರೆದದ್ದು ದೋಸೆ ಅಲ್ಲ” ಎಂದರು. ಹಟಮಾರಿ ಮನುಷ್ಯ.

ಈ ನಡುವೆ ಸ್ಟುಡಿಯೋದ ಒಂದು ಭಾಗ ಒಡೆದು ಫ್ಲಾಟು ಕಟ್ಟಲು ಶುರುಮಾಡಿದರು. ತಿರುಮಲೇಶರು ನಿವೃತ್ತರಾದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಶಾಲಿನಿ ಅವರನ್ನು ವೇಲಚೇರಿಯ ತನ್ನ ಹೊಸ ಫ್ಲಾಟಿಗೆ ಕರೆದುಕೊಂಡು ಹೋದಳು. ಮಳೆ ಬಂದರೆ ಮೊಣಕಾಲು ನೀರು ನಿಲ್ಲುವ ಜಾಗ. ಆದರೂ ಅವರು ಬೆಳಿಗ್ಗೆ ಬಸ್ಸು ಬದಲಾಯಿಸಿಕೊಂಡು, ಪ್ಯಾಂಟು ಮಡಚಿಕೊಂಡು ಬಂದೇ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, ಬೈಯುತ್ತಿದ್ದರು, ತಿಂಡಿ ತಿಂದು ಹಳೆಯ ಗೆಳೆಯರ ಜೊತೆ ಮಧ್ಯಾಹ್ನದವರೆಗೆ ಕೂರುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಕಾರು ಮುಗಿಯಿತು. ನಿಜಕ್ಕೂ ಮುಗಿಯಿತು. ವಿಶ್ವನಾಥ ಬಂದು ಜೋಡಿ ಪಟ್ಟೆ ಎಳೆದ. ಒಂದು ಭಾನುವಾರ ಬೆಳಿಗ್ಗೆ ರಾಯರು, ರತ್ನಾವತಿ ಮುಂದೆ, ನಾನು ಹಿಂದೆ ಕೂತು ನೂರಡಿ ರಸ್ತೆಗೆ ಹೋದೆವು. ರತ್ನಾವತಿ ತಲೆ ಹೊರಹಾಕಿ, “ಹೋಗಿ!” ಎಂದರು. ಕಾರು ಗರ್ಜಿಸಿ ಒಂದು ಬಸ್ಸು, ಎರಡು ಹಾಲಿನ ವ್ಯಾನು, ಒಂದು ಪೊಲೀಸ್ ಜೀಪನ್ನು ದಾಟಿತು. ಪೊಲೀಸರು ಬೆನ್ನಟ್ಟಲಿಲ್ಲ, ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಕಚೇರಿಯ ನಿಯಮಗಳನ್ನೆಲ್ಲ ಮರೆತು ಕಿರುಚಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ರಾಯರ ಕಣ್ಣಲ್ಲಿ ನೀರಿತ್ತು. “ನಾಳೆ ಬಡಿಸುದು” ಎಂದರು. ಹಿತ್ತಲಿಗೆ ತಂದು ಟಾರ್ಪಾಲು ಹೊದಿಸಿದೆವು.

ಅದೇ ಸಂಜೆ ಶಾಲಿನಿ ಹೋಟೆಲಿಗೆ ಬಂದಳು. ವಿಶ್ವನಾಥನ ಬಾಯಿಂದ ಸುದ್ದಿ ಅವಳಿಗೆ ಮುಟ್ಟಿತ್ತು. “ಅಂಕಲ್, ಕಾರು ರೆಡಿ ಆಯ್ತಾಮೆ? ರೊಂಬ ಥ್ಯಾಂಕ್ಸ್” ಎಂದಳು, ತಮಿಳು ಬೆರೆತ ತನ್ನ ಕನ್ನಡದಲ್ಲಿ. “ಅಪ್ಪಾಗೆ ಈ ವಯಸ್ಸಲ್ಲಿ ಬಸ್ಸು ಬೇಡ ಅಂತ ಡೈಲಿ ಫೈಟ್ ನಮ್ಮನೇಲಿ. ‘ನನ್ನ ಆರ್ಡರ್ ಪೆಂಡಿಂಗ್ ಇದೆ, ಅದು ಬರೋವರೆಗೂ ಹೋಗೇ ಹೋಗ್ತೀನಿ’ ಅಂತಾರೆ. ನೀವು ಅದು ಕೊಟ್ಟುಬಿಟ್ರೆ ಮುಗೀತು. ಅಪ್ಪುರಂ ಮನೇಲೇ ಇರ್ತೀನಿ ಅಂತ ಪ್ರಾಮಿಸ್ ಮಾಡಿದಾರೆ.” ಕೆಟ್ಟ ಹುಡುಗಿಯಲ್ಲ, ಅಪ್ಪ ರಸ್ತೆಯಲ್ಲಿ ಎಲ್ಲಿ ಬೀಳುತ್ತಾರೋ ಎಂಬ ಭಯ ಅವಳದು. ರಾಯರು, “ಆಯ್ತು ಮಗಾ” ಎಂದರು. ಅವಳು ಹೋದ ಮೇಲೆ ಬಹಳ ಹೊತ್ತು ಚಿಲ್ಲರೆಯನ್ನು ಜೋಡಿಸುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ಸಾಯಿ ಹೂವಿನ ಹಾರ ತಂದಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಹಲಗೆ ಒರೆಸಲು ಒದ್ದೆ ಬಟ್ಟೆ ರಾಯರ ಕೈಯಲ್ಲೇ ಇತ್ತು. ತಿರುಮಲೇಶರು ಬಂದರು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಅಂದು ಅವರು ಕೂಗಲಿಲ್ಲ. ಸಪ್ಲೈಯರ್ ಒಬ್ಬೊಬ್ಬನ ಹೆಗಲನ್ನೂ ಮುಟ್ಟಿ, ಗೆಳೆಯರ ಮೇಜಿನ ಬಳಿ ಸ್ವಲ್ಪ ನಿಂತು, ನನಗೆ, “ಬರ್ತೀನಮ್ಮ ಜಯಲಕ್ಷ್ಮೀ, ಚೆನ್ನಾಗಿರಿ” ಎಂದರು. ಆಮೇಲೆ ಗಲ್ಲಾದ ಮುಂದೆ ಬಂದು, ಹಲಗೆಯನ್ನಾಗಲೀ ರಾಯರನ್ನಾಗಲೀ ನೋಡದೆ, ಮೆಲ್ಲಗೆ ಕೇಳಿದರು.

“ರೆಡಿ ಆಯ್ತಂತೆ?”

ನಾಲ್ಕು ವರ್ಷ ಕಾದ ಮಾತು ಅದು. ರಾಯರು ‘ಹೌದು’ ಎಂದಿದ್ದರೆ ದೊಡ್ಡಪ್ಪನ ಮುಂದೆ ತಲೆ ಎತ್ತಿ ನಿಲ್ಲಬಹುದಿತ್ತು. ಅಮೆರಿಕದವರಿಂದ ಆಗದ್ದನ್ನು ಮಾಡಿದೆ ಎಂದು ಇಡೀ ವಡಪಳನಿಗೆ ಹೇಳಬಹುದಿತ್ತು. ಅವರು ತಿರುಮಲೇಶರ ಇಸ್ತ್ರಿ ಅಂಗಿಯನ್ನೇ ನೋಡುತ್ತಿದ್ದರು.

“ಇಲ್ಲ” ಎಂದರು.

ಕಾಫಿ ಎತ್ತಿ ಸುರಿಯುತ್ತಿದ್ದವನು ಹಾಗೇ ನಿಂತ. ಆ ಮಾತನ್ನು ಅವರ ಬಾಯಲ್ಲಿ ನಾವ್ಯಾರೂ ಕೇಳಿರಲಿಲ್ಲ.

“ಯಾರು ಹೇಳಿದ್ದು ಮಾರಾಯ್ರೆ ನಿಮಗೆ? ಇಲ್ಲ. ಆಗ್ಲಿಲ್ಲ. ಗೇರ್ ಕೂತಿಲ್ಲ, ಬ್ರೇಕು ಹಿಡಿಯುದಿಲ್ಲ. ಇನ್ನೂ ತುಂಬ ಕೆಲಸ ಉಂಟು.”

ಸಾಯಿ ಹಾರ ಹಿಡಿದುಕೊಂಡೇ ಏನೋ ಹೇಳಲು ಬಾಯಿ ತೆರೆದ. “ಸಾಯಿ, ಒಳಗೆ ಬಾ, ಪೊಂಗಲ್ ಆರ್ತದೆ” ಎಂದು ರತ್ನಾವತಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಹಿತ್ತಲಿನ ಬಾಗಿಲಿಗೆ ಅಗುಳಿ ಹಾಕಿದರು.

ತಿರುಮಲೇಶರು ತಲೆ ಎತ್ತಿದರು. ರಾಯರ ಮುಖವನ್ನೂ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನೂ ನೋಡಿದರು. ಅರ್ಥವಾಯಿತು ಎಂದೇ ನನಗನ್ನಿಸುತ್ತದೆ. ಒಂದು ಕ್ಷಣ ಅವರ ತುಟಿ ಅದುರಿತು. ಆಮೇಲೆ ಹಳೆಯ ಗಂಟಲು ತೆರೆದುಕೊಂಡಿತು ನೋಡಿ, ಬೀದಿಯ ಆಟೋದವರೆಲ್ಲ ತಿರುಗಿ ನೋಡಬೇಕು.

“ನಾಲ್ಕು ವರ್ಷ ಆಯ್ತು ಕಣ್ರೀ! ಹೋಟೆಲ್ ನಡೆಸ್ತಿದ್ದೀರೋ ತಮಾಷೆ ಮಾಡ್ತಿದ್ದೀರೋ? ಬಿಡೋದಿಲ್ಲ ನಿಮ್ಮನ್ನ. ನಾಳೆನೂ ಬರ್ತೀನಿ, ನಾಡಿದ್ದೂ ಬರ್ತೀನಿ!”

“ಬನ್ನಿ” ಎಂದರು ರಾಯರು. “ಶಾಲಿನಿಗೆ ನಾನು ಹೇಳ್ತೇನೆ. ಬಸ್ಸಿಗೆ ಬೇಡ, ಬೆಳಿಗ್ಗೆ ಆಟೋ ಕಳಿಸ್ತೇನೆ.”

ತಿರುಮಲೇಶರು ಬೈಯುತ್ತಲೇ ಗೆಳೆಯರ ಮೇಜಿಗೆ ಹೋಗಿ ಕುರ್ಚಿ ಎಳೆದುಕೊಂಡು ಕಾಫಿ ಹೇಳಿದರು. ರಾಯರು ಒದ್ದೆ ಬಟ್ಟೆಯಿಂದ ಗಲ್ಲಾವನ್ನು ಒರೆಸತೊಡಗಿದರು.