ಒಳಗಿನ ಟೋಟಲ್, ಹೊರಗಿನ ಸೊನ್ನೆ

ಆ ವರ್ಷ ನನ್ನ ವಾರವೆಲ್ಲ ಎರಡು ದಿಕ್ಕಿನ ಬಸ್ಸುಗಳಲ್ಲಿ ಹಂಚಿಹೋಗಿತ್ತು. ಸೋಮವಾರ ಮತ್ತು ಗುರುವಾರ ಗಂಡನನ್ನು ಕರೆದುಕೊಂಡು ಮಸ್ಕಿಯಿಂದ ಲಿಂಗಸುಗೂರಿಗೆ, ಡಯಾಲಿಸಿಸ್‌ಗೆ. ಉಳಿದ ದಿನ ನಾನೊಬ್ಬಳೇ ಸಿಂಧನೂರಿಗೆ, ಕಂಪ್ಯೂಟರ್ ಕ್ಲಾಸಿಗೆ. ನಮ್ಮವರು ಮಸ್ಕಿ ಮತ್ತು ಸಂತೆಕಲ್ಲೂರಿನ ನಡುವೆ ಆಟೋ ಓಡಿಸುತ್ತಿದ್ದರು. ಕಾಲು ಬಾತುಕೊಂಡಾಗ, ದಿನವಿಡೀ ಕೂತು ಓಡಿಸಿದ್ದಕ್ಕೆ ಹಾಗಾಗಿದೆ ಅಂದುಕೊಂಡೆವು. ಮುಖವೂ ಊದಿದ ಮೇಲೆ ಡಾಕ್ಟರಿಗೆ ತೋರಿಸಿದೆವು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಆಟೋ ಮೈದುನನ ಕೈಗೆ ಹೋಯಿತು.

ನಾನು ಪಿಯುಸಿ ಮುಗಿದ ಕೂಡಲೇ ಮದುವೆಯಾದವಳು. ಕಂಪ್ಯೂಟರ್ ಡಿಪ್ಲೊಮಾ ಪಾಸು ಮಾಡಿದರೆ ಮಕ್ಕಳಿಗೆ ಕಲಿಸಲು ತೆಗೆದುಕೊಳ್ಳುತ್ತೇವೆ ಎಂದು ಮಸ್ಕಿಯ ಒಂದು ಶಾಲೆಯವರು ಹೇಳಿದ್ದರು. ನನಗೆ ಧೈರ್ಯವಿರಲಿಲ್ಲ. ಕ್ಲಾಸಿಗೆ ಹೆಸರು ಹಚ್ಚು ಎಂದು ಹಠ ಹಿಡಿದವರು ನಮ್ಮವರೇ. ಬದುಕುವ ಆಸೆಯಿಂದ ಹಾಗೆ ಹಠ ಹಿಡಿದಿದ್ದಾರೆ ಎಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದೆ.

ಟೈಪಿಂಗ್, ಪತ್ರ, ಪಟ್ಟಿ ಮಾಡುವುದೆಲ್ಲ ಹೇಗೋ ಕೈಗೆ ಬಂತು. ಪ್ರೋಗ್ರಾಂ ಬರೆಯುವ ಪಾಠ ಶುರುವಾದಾಗ ಮುಂದೆ ಹೋಗಲಾಗದೆ ನಿಂತುಬಿಟ್ಟೆ. ಕಲಿಸುತ್ತಿದ್ದವಳು ಆರ್.ಎಚ್. ಕ್ಯಾಂಪಿನ, ಅಂದರೆ ಸಿಂಧನೂರಿನ ಹತ್ತಿರ ನಿರಾಶ್ರಿತರು ನೆಲೆಸಿದ ಊರಿನ ಬಂಗಾಳಿ ಹುಡುಗಿ, ನನಗಿಂತ ಚಿಕ್ಕವಳು; ಆದರೂ ನಮಗೆಲ್ಲ ಮೇಡಂ. ಅವಳ ಮನೆಯ ಮಾತು ಬಂಗಾಳಿಯಾದರೂ ನಮ್ಮೊಂದಿಗೆ ನಮ್ಮ ಹಾಗೆಯೇ ಮಾತಾಡುತ್ತಿದ್ದಳು.

“ಫಂಕ್ಷನ್ ಅಂದ್ರ ಒಂದು ಕೆಲಸಕ್ಕ ಹೆಸರಿಟ್ಟು ಬರೆದಿಡೋದು ಅಕ್ಕಾ,” ಎಂದಳು. “ಬರೆದಿಟ್ಟ ಮಾತ್ರಕ್ಕ ಅದು ನಡಿಯಂಗಿಲ್ಲ. ಹೆಸರು ಹಿಡಿದು ಕರೀಬೇಕು. ಕರೆದಾಗೆಲ್ಲ ಅದೇ ಕೆಲಸ ಮಾಡ್ತೈತಿ.”

ಅಷ್ಟು ತಿಳಿಯಿತು. ಒಬ್ಬ ವಿದ್ಯಾರ್ಥಿಯ ಅಂಕಗಳನ್ನು ಕೂಡಿಸುವ ಫಂಕ್ಷನ್ ಬರೆಯಲು ಹೇಳಿದಳು. ಮೇಲೆ, ಫಂಕ್ಷನ್ನಿನ ಹೊರಗೆ, ಟೋಟಲ್ ಎಂದು ಬರೆದು ಸೊನ್ನೆ ಇಟ್ಟೆ. ಫಂಕ್ಷನ್ನಿನ ಒಳಗೂ ಟೋಟಲ್ ಎಂದೇ ಬರೆದು, ಅದನ್ನೂ ಸೊನ್ನೆಯಿಂದ ಶುರುಮಾಡಿ, ಅಂಕಗಳನ್ನು ಒಂದೊಂದಾಗಿ ಕೂಡಿಸಿದೆ. ಕೊನೆಗೆ ಫಂಕ್ಷನ್ ಕರೆದು, ಹೊರಗೆ ಬಂದು ಟೋಟಲ್ ತೋರಿಸು ಎಂದರೆ ಪರದೆಯ ಮೇಲೆ ಸೊನ್ನೆ ಬಂತು. ಪ್ರೋಗ್ರಾಂ ಮತ್ತೆ ಮತ್ತೆ ಓಡಿಸಿದೆ. ಸೊನ್ನೆಯೇ.

“ನಿಮ್ಮ ಕಡೆ ಎರಡು ಟೋಟಲ್ ಅದಾವ,” ಎಂದಳು. “ಹೆಸರು ಒಂದೇ, ಆದ್ರ ಅವು ಬ್ಯಾರೆ ಬ್ಯಾರೆ. ಒಳಗ ಮಾಡಿದ್ದು ಒಳಗಿನ ಕೆಲಸ ಮುಗಿಯೋತನಕ ಅಷ್ಟೇ ಇರ್ತೈತಿ. ಕೆಲಸ ಮುಗೀತು, ಅದೂ ಹೋತು. ಹೊರಗಿನ ಟೋಟಲ್ಲಿಗೆ ಇದ್ಯಾವುದೂ ಗೊತ್ತಿಲ್ಲ.”

ನಾನು ತಲೆಯಾಡಿಸಿದೆ. ತಿಳಿದಿರಲಿಲ್ಲ.

ಗುರುವಾರ ಲಿಂಗಸುಗೂರಿನಲ್ಲಿ, ನಮ್ಮವರ ರಕ್ತ ಕೊಳವೆಯಲ್ಲಿ ಮಷಿನ್ನಿಗೆ ಹೋಗಿ ಬರುತ್ತಿರುವಾಗ, ಮಗ್ಗುಲಲ್ಲಿ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ.

“ಏನ್ ಕಲಿಸ್ಯಾರ?” ಎಂದು ಕೇಳಿದರು. ಹೇಳಿದೆ.

“ಒಂದೇ ಹೆಸರಿಂದ ತ್ರಾಸ ಆಗೇತಿ ಅಂದ್ರ, ಒಂದಕ್ಕ ಬ್ಯಾರೆ ಹೆಸರಿಡು.”

“ಇಟ್ರೂ ಒಳಗಿಂದು ಹೊರಗ ಕಾಣಂಗಿಲ್ಲಂತ ರೀ.”

“ಮತ್ತ ಅದು ಯಾತಕ್ಕ ಬೇಕು?” ಎಂದು ಕಣ್ಣು ಮುಚ್ಚಿದರು. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಆಮೇಲೆ ನನಗೊಂದು ಒಳದಾರಿ ಸಿಕ್ಕಿತು. ಗ್ಲೋಬಲ್ ಎಂದು ಒಂದು ಪದ ಸೇರಿಸಿದರೆ ಒಳಗಿನಿಂದಲೇ ಹೊರಗಿನ ಟೋಟಲ್ ಬದಲಾಯಿಸಬಹುದು ಎಂದು ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ತೋರಿಸಿದಳು. ಹಾಗೇ ಮಾಡಿದೆ. ಹೊರಗೆ ಒಮ್ಮೆ ಸೊನ್ನೆ ಇಟ್ಟಾಗಿದೆಯಲ್ಲ ಎಂದು ಒಳಗಿನ ಸೊನ್ನೆಯ ಸಾಲು ಅಳಿಸಿದೆ. ಮೊದಲ ವಿದ್ಯಾರ್ಥಿಯ ಮೊತ್ತ ಸರಿಯಾಗಿ ಬಂತು. ಎರಡನೆಯವನ ಮೊತ್ತಕ್ಕೆ ಮೊದಲನೆಯವನ ಅಂಕಗಳೂ ಸೇರಿಕೊಂಡವು. ಮೂರನೆಯವನದು ಇನ್ನೂ ದೊಡ್ಡದಾಗಿತ್ತು.

“ಈಗ ಗೊತ್ತಾತೇನು, ಒಳಗಿಂದು ಯಾಕ ಅಳಿಸಿ ಹೋಗಬೇಕು ಅಂತ?” ಎಂದಳು ನಮ್ಮ ಮೇಡಂ. “ಪ್ರತಿಯೊಬ್ಬರಿಗೂ ಹೊಸ ಸೊನ್ನೆಯಿಂದ ಶುರು ಆಗಬೇಕು. ಹೊರಗ ಬೇಕಾದ್ದು ಉತ್ತರ ಅಷ್ಟೇ. ಅದನ್ನ ರಿಟರ್ನ್ ಅಂತ ಬರೆದು ಹೊರಗ ಕಳಿಸಬೇಕು.”

ಅವತ್ತು ಮೊದಲ ಸಲ ಸ್ವಲ್ಪ ಬೆಳಕು ಕಂಡಂತಾಯಿತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಕಾಲುವೆ ನೀರಿನ ಭತ್ತದ ಗದ್ದೆಗಳು ಮುಗಿಯುವ ತನಕ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತ ಬಂದೆ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸೋಮವಾರ ಲಿಂಗಸುಗೂರಿನಿಂದ ವಾಪಸು ಬರುವಾಗ ನಮ್ಮವರು ಬಸ್ಸಿನಲ್ಲಿ ಮೆಲ್ಲಗೆ ಹೇಳಿದರು.

“ನೀ ಪಾಸಾಗು. ನೌಕರಿ ಹತ್ತಿತು ಅಂದ್ರ ನಾ ಇದನ್ನ ಬಿಟ್ಟುಬಿಡ್ತೀನಿ.”

“ಏನನ್ನ?”

“ಈ ಸೂಜಿ, ಈ ಮಷಿನ್. ನನ್ನ ಕೈಲೆ ಆಗವಲ್ದು. ನಿನಗೊಂದು ದಾರಿ ಆಗ್ಲಿ ಅಂತ ತಡಕೊಂಡೀನಿ.”

ಕ್ಲಾಸಿಗೆ ಕಳಿಸಿದ್ದು ಯಾಕೆಂದು ಆಗ ತಿಳಿಯಿತು. ಮರುದಿನ ಸಿಂಧನೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಬೆರಳು ಏಳಲಿಲ್ಲ. ನಾನು ಕಲಿತಷ್ಟೂ ಅವರ ಸಾವು ಹತ್ತಿರ ಬರುತ್ತದೆ ಎನ್ನಿಸಿತು. ಮೇಡಂಗೆ ಹೇಳಿದೆ. ಪರೀಕ್ಷೆ ಬರೆಯುವುದಿಲ್ಲ, ಫೇಲಾದರೆ ಅವರು ಇನ್ನಷ್ಟು ದಿನ ತಡೆದುಕೊಳ್ಳುತ್ತಾರೆ ಎಂದೆ.

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಆಮೇಲೆ, “ನೀವು ಫೇಲಾದ್ರ ಅವರಿಗೆ ಕಿಡ್ನಿ ಬರ್ತಾವೇನು ಅಕ್ಕಾ?” ಎಂದು ಕೇಳಿದಳು. ಸಿಟ್ಟು ಬಂತು. ಆದರೆ ಸಂಜೆ ಬಸ್ಸು ಹತ್ತುವ ಮೊದಲು, ಪರೀಕ್ಷೆ ಬರೆಯುತ್ತೇನೆ ಎಂದು ಹೇಳಿ ಬಂದೆ.

ಪರೀಕ್ಷೆ ಗುರುವಾರವೇ ಬಿತ್ತು. ನಮ್ಮವರನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನು ಮೈದುನನಿಗೆ ಒಪ್ಪಿಸಿ ಸಿಂಧನೂರಿನ ಬಸ್ಸು ಹತ್ತಿದೆ. ಅಂಕಗಳನ್ನು ಕೂಡಿಸುವಂಥದೇ ಪ್ರಶ್ನೆ ಬಂದಿತ್ತು. ಹೊರಗೆ ಟೋಟಲ್ ಎಂದು ಸೊನ್ನೆ ಇಟ್ಟೆ, ಒಳಗೆ ಹೊಸ ಟೋಟಲ್ ಮಾಡಿದೆ, ಕೂಡಿಸಿದೆ, ರಿಟರ್ನ್ ಬರೆದೆ, ಫಂಕ್ಷನ್ ಕರೆದೆ. ಹೊರಗಿನ ಟೋಟಲ್ ತೋರಿಸಿದರೆ ಸೊನ್ನೆ.

ಎದ್ದು ಹೋಗಿಬಿಡೋಣ ಎನ್ನಿಸಿತು. ಒಳಗೊಂದು ಸಾಲು ಸೇರಿಸಿ ಅಲ್ಲಿಯೇ ಟೋಟಲ್ ತೋರಿಸಿ ನೋಡಿದೆ. ಒಳಗೆ ಮೊತ್ತ ಸರಿಯಾಗಿತ್ತು. ರಿಟರ್ನ್ ಕೂಡ ಇತ್ತು. ಹಾಗಾದರೆ ಉತ್ತರ ಹೋಗಿದ್ದಾದರೂ ಎಲ್ಲಿಗೆ? ಸಾಲುಗಳ ಮೇಲೆ ಬೆರಳಿಟ್ಟು ಓದುತ್ತ ಬಂದೆ. ಫಂಕ್ಷನ್ ಕರೆದ ಸಾಲಿಗೆ ಬಂದಾಗ ಕಂಡಿತು. ಅದು ಕೊಟ್ಟದ್ದನ್ನು ತೆಗೆದುಕೊಳ್ಳುವವರೇ ಹೊರಗಿರಲಿಲ್ಲ. ಆ ಸಾಲಿನ ಮೊದಲಿಗೆ ಟೋಟಲ್ ಎಂದು ಬರೆದು ಸಮ ಚಿಹ್ನೆ ಹಾಕಿದೆ. ಓಡಿಸಿದೆ. ಮೊದಲನೆಯವನ ಮೊತ್ತ, ಎರಡನೆಯವನದು, ಮೂರನೆಯವನದು, ಎಲ್ಲ ಬೇರೆ ಬೇರೆಯಾಗಿ, ಸರಿಯಾಗಿ ಬಂದವು. ಖುಷಿಯಾಗಲಿಲ್ಲ.

ಹೊರಗೆ ಬಂದು ಮೈದುನನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮನೆ ಮುಟ್ಟಿದಾಗ ನಮ್ಮವರು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆಸ್ಪತ್ರೆಗೆ ಹೋಗಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೈದುನ, “ಬಸ್ ಸ್ಟ್ಯಾಂಡ್‌ತನಕ ಬಂದು ವಾಪಸ್ ಬಂದಾನ ವೈನಿ. ಕಾಲು ಹಿಡಿದು ಕೇಳೀನಿ, ಒಲ್ಲೆ ಅಂದಾನ,” ಎಂದ.

ಅವರ ಬಳಿ ನೆಲದ ಮೇಲೆ ಕೂತೆ. ಉಸಿರು ಆಗಲೇ ಗುರುಗುಡುತ್ತಿತ್ತು.

“ಪ್ರೋಗ್ರಾಂ ಬಂತೇನು?” ಎಂದರು, ತಿರುಗದೆ.

“ಬಂತು.”

“ಇನ್ನ ಸಾಕು ಮಾಡೂಣು.”

“ನಾ ಸಾಕು ಅಂದಿಲ್ಲ ರೀ,” ಎಂದೆ. “ನನ್ನ ದಾರಿ ಅಂತೀರಿ. ದಾರಿ ಯಾವುದು ಅಂತ ನನ್ನ ಒಂದು ಮಾತು ಕೇಳಿದ್ರೇನು?”

ಅವರು ಅತ್ತರು. ಮದುವೆಯಾದ ಮೇಲೆ ನಾನು ಅದನ್ನು ನೋಡಿರಲಿಲ್ಲ. ಮೈದುನ ಆಟೋ ತಂದು ನಿಲ್ಲಿಸಿದ. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಈ ಸಲ ಅವರು ಬೇಡವೆನ್ನಲಿಲ್ಲ. ಲಿಂಗಸುಗೂರಿನ ತನಕ ಅವರ ಉಸಿರನ್ನೇ ಕೇಳುತ್ತ ಹೋದೆ. ಡಾಕ್ಟರು ನೋಡಿದವರೇ ಮಷಿನ್ನಿಗೆ ಹಚ್ಚಿಸಿದರು. ಬೆಳಕು ಹರಿಯುವಷ್ಟರಲ್ಲಿ ಉಸಿರು ಹಗುರಾಗಿತ್ತು.

ನಾನು ಪಾಸಾದೆ. ಶಾಲೆಯವರು ಮಾತಿನಂತೆ ತೆಗೆದುಕೊಂಡರು. ಸೋಮವಾರ, ಗುರುವಾರ ನನಗೆ ಪಿರಿಯಡ್ ಬರದಂತೆ ಹೆಡ್ ಮೇಡಂ ಹೊಂದಿಸಿ ಕೊಟ್ಟಿದ್ದಾರೆ. ದೊಡ್ಡ ಮಕ್ಕಳು ಫಂಕ್ಷನ್ ಬರೆದು, ಸೊನ್ನೆ ಬಂತು ಎಂದು ಮುಖ ಸಣ್ಣ ಮಾಡಿದರೆ, ನಾನು ತಟ್ಟನೆ ಉತ್ತರ ಹೇಳುವುದಿಲ್ಲ. ಒಳಗೊಮ್ಮೆ ತೋರಿಸಿ ನೋಡ್ರಿ ಅನ್ನುತ್ತೇನೆ.

ನಮ್ಮವರು ಇನ್ನು ಮೇಲೆ ಡಯಾಲಿಸಿಸ್ ಬಿಡುವುದಿಲ್ಲ ಎಂದು ಮಾತು ಕೊಟ್ಟಿಲ್ಲ. ನಾನೂ ಕೇಳಿಲ್ಲ. ಕೆಲವು ಸೋಮವಾರ ಚಪ್ಪಲಿ ಮೆಟ್ಟದೆ ಹೊಸ್ತಿಲಲ್ಲೇ ಕೂತುಬಿಡುತ್ತಾರೆ. ಆಗ ನಾನೂ ಪಕ್ಕದಲ್ಲಿ ಕೂರುತ್ತೇನೆ. ಲಿಂಗಸುಗೂರಿನ ಬಸ್ಸೊಂದು ಹೋಗಿಬಿಡುತ್ತದೆ. ಮುಂದಿನದಕ್ಕೆ ಇಬ್ಬರೂ ಏಳುತ್ತೇವೆ. ಇಲ್ಲಿಯ ತನಕ ಎದ್ದಿದ್ದೇವೆ.