ಮೊದ್ಲು ಓದ್ರಿ

ಹೊಸದುರ್ಗದಿಂದ ಬಸ್ಸಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ಕಂಪ್ಯೂಟರ್ ಮೇಡಂ, ಯಾರು ಏನು ಕೇಳಿದರೂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: "ಮೊದ್ಲು ಓದ್ರಿ."

ಶಾಲೆಯ ಕಂಪ್ಯೂಟರುಗಳನ್ನು ನಡೆಸಲು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕೋಣ ಎಂದು ಅವರು ಕೇಳಿದಾಗಲೆಲ್ಲ, ಹೆಡ್‌ಮಾಸ್ತರನಾದ ನಾನು ನಕ್ಕುಬಿಡುತ್ತಿದ್ದೆ. "ಪುಕ್ಸಟ್ಟೆ ಸಿಗೋದು ಎಷ್ಟ್ ದಿನ ಬಾಳ್ತೈತ್ರಿ ಮೇಡಂ?"

ಹತ್ತನೇ ತರಗತಿಯ ಆಂತರಿಕ ಅಂಕಗಳನ್ನು ಬೋರ್ಡಿಗೆ ಕಳಿಸುವ ಕೊನೆಯ ದಿನ ಆಫೀಸಿನ ಕಂಪ್ಯೂಟರ್ ಶುರುವಾಗಲೇ ಇಲ್ಲ. ಅಂಕಗಳೆಲ್ಲ ಅದರೊಳಗೇ ಇದ್ದವು. ಐದು ಗಂಟೆಗೆ ಗಡುವು, ಆಗಲೇ ನಾಲ್ಕೂವರೆ. ಮೇಡಂ ತಮ್ಮ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಲಿನಕ್ಸ್ ಶುರುಮಾಡಿದರು. ಪರದೆ ಕಪ್ಪಾಯಿತು. ಅದರ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರನೆ ಓಡತೊಡಗಿದವು.

"ಎಲ್ಲಾ ಅಳಿಸಿ ಹೋಗ್ತಾ ಐತೆ! ನಿಲ್ಸ್ರಿ!" ಎಂದು ಕೂಗಿ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದೆ.

ಮೇಡಂ ಕನ್ನಡಕ ಒರೆಸಲಿಲ್ಲ, ನನ್ನತ್ತ ತಿರುಗಲೂ ಇಲ್ಲ. "ಸಾರ್, ಮೊದ್ಲು ಓದ್ರಿ."

ಓದಿದೆ. ಒಂದೊಂದು ಸಾಲಿನ ಮುಂದೆಯೂ ಹಸಿರು ಬಣ್ಣದಲ್ಲಿ 'ಓಕೆ' ಎಂದಿತ್ತು. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು; ಮೇಡಂ ಅಂಕಪಟ್ಟಿಯ ಫೈಲ್ ಒತ್ತಿದ್ದೇ ಮಕ್ಕಳ ಹೆಸರು, ಅಂಕಗಳೆಲ್ಲ ಅಚ್ಚುಕಟ್ಟಾಗಿ ಕನ್ನಡದಲ್ಲೇ ತೆರೆದುಕೊಂಡವು.

ಆಮೇಲೆ ಸ್ವಿಚ್ಚಿನ ಮೇಲಿಂದ ಕೈ ತೆಗೆದೆ. ಪ್ರಶ್ನೆ ಓದದೆ ಉತ್ತರ ಬರೆದ ಮಕ್ಕಳಿಗೆಲ್ಲ ಸೊನ್ನೆ ಸುತ್ತುತ್ತಿದ್ದ ಕೈ ಅದು.