ಜವರಪ್ಪನವರ ‘ಕೊನೆಯಲ್ಲಿ’ ಮತ್ತು ‘ಕೊನೆಯವರೆಗೆ’

ಕಾಲಿಗೆ ಗಂಬೂಟು, ಹೆಗಲ ಮೇಲೆ ಟವೆಲು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿಟ್ಟ ಒಂದೇ ಒಂದು ಬಣ್ಣದ ಕಾರ್ಡು. ಪಾಂಡವಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಜವರಪ್ಪನವರು ಹೀಗೆ ನಿಂತಿದ್ದಾಗ, ಯಾರೋ ವಿದ್ಯಾರ್ಥಿನಿಯ ತಂದೆ ಇರಬೇಕೆಂದುಕೊಂಡೆ. ಅವರು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು.

“ಇಂಗ್ಲಿಷ್ ಮೇಡಂ ನೀವೇ ಅಲ್ವಾ? ‘ಅಟ್ ದಿ ಎಂಡ್ ಆಫ್ ಟರ್ನ್’ ಅಂತ ಇದ್ರಲ್ಲಿ ಬರ್ದವ್ರೆ. ‘ಅನ್‌ಟಿಲ್ ಎಂಡ್ ಆಫ್ ಟರ್ನ್’ ಅಂತ ಮನೇಲಿರೋ ಇನ್ನೊಂದ್ರಲ್ಲಿ. ಎಲ್ಡೂ ಒಂದೇನಾ, ಬ್ಯಾರೆನಾ?”

“ಬೇರೆ. ಒಂದು ಸರದಿಯ ಕೊನೆಯಲ್ಲಿ ಆಗೋದು. ಇನ್ನೊಂದು ಕೊನೆಯವರೆಗೆ ಇರೋದು.”

“ಅಂಗಾರೆ ಯಾವ್ದು ಮೊದ್ಲು?”

ಹದಿನೆಂಟು ವರ್ಷ ವ್ಯಾಕರಣ ಹೇಳಿಕೊಟ್ಟ ನಾನು ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ ವಾಪಸು ಕೊಟ್ಟೆ.

ಕ್ಯಾತನಹಳ್ಳಿಯ ಜವರಪ್ಪ ಪಶು ಆಸ್ಪತ್ರೆಯ ನೌಕರರು. ಮದುವೆಯಾಗಿರಲಿಲ್ಲ. ಯಾವುದೋ ತರಬೇತಿಗೆಂದು ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಒಂದು ಪೊಟ್ಟಣ ಕಂಡಿತ್ತಂತೆ. ಮೇಲೆ ಮೂರು ಕೋಡಿನ ಎಮ್ಮೆಯ ಚಿತ್ರ. “ಕೆಚ್ಚಲು ಸರ್ಯಾಗಿ ಬರ್ದಿದ್ರು ಮೇಡಂ, ಅದ್ಕೇ ತಕಂಡೆ” ಎನ್ನುತ್ತಿದ್ದರು. ಒಳಗಿದ್ದದ್ದು ಇಬ್ಬರು ಎದುರುಬದುರು ಕೂತು ಆಡುವ ಆಟ. ಒಂದೊಂದು ಕಾರ್ಡಿಗೂ ಒಂದೊಂದು ಶಕ್ತಿ, ಎದುರಾಳಿಯ ಪ್ರಾಣದಂಕ ಸೊನ್ನೆಯಾದರೆ ಗೆದ್ದಂತೆ. ಅವರಿಗೆ ಆಟ ಸಿಕ್ಕಿತ್ತು. ಎದುರು ಕೂರುವವರು ಸಿಕ್ಕಿರಲಿಲ್ಲ.

ವಾರ ಬಿಟ್ಟು ಮತ್ತೆ ಬಂದರು. ಡಿಕ್ಷನರಿ ಇಟ್ಟುಕೊಂಡು ನಿಯಮದ ಪುಸ್ತಕವನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಕನ್ನಡದಲ್ಲಿ ಇಳಿಸಿದ್ದರು. “ಸಿಕ್ತು ಮೇಡಂ. ಮೊದ್ಲು ‘ಕೊನೆಯಲ್ಲಿ’, ಆಮ್ಯಾಕೆ ‘ಕೊನೆಯವರೆಗೆ’. ಕೊನೇಲಿ ಆಗೋ ಕೆಲ್ಸ ಎಲ್ಲಾ ಆಗೋವರ್ಗೂ, ಕೊನೇವರ್ಗೂ ಅಂತ ಸಿಕ್ಕಿದ್ ಬಲ ಓಗಾಕಿಲ್ಲ. ಸರದಿ ಮುಗೀತು ಅಂತ ಜನ ಸುಮ್ಕೆ ಅಂದ್ಬುಡ್ತಾರೆ. ಮುಗಿಯೋದ್ರಲ್ಲೂ ಒಂದು ಕ್ರಮ ಅದೆ.”

ಆ ಮುಖ ನೋಡಿ ನಗು ಬಂತು. ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಕೆ.ಆರ್. ಪೇಟೆಯ ತವರಿಗೂ ಹೋಗದೆ, ಬಾಡಿಗೆ ಮನೆಯಲ್ಲಿ ಭಾನುವಾರಗಳನ್ನು ಬಟ್ಟೆ ಒಗೆಯುತ್ತ ಕಳೆಯುತ್ತಿದ್ದೆ. “ನನಗೂ ಕಲಿಸಿ” ಎಂದೆ.

ಪಶು ಆಸ್ಪತ್ರೆಯ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ. ಮೊಣಕೈಯವರೆಗೆ ಸೋಪು ಹಾಕಿ ತೊಳೆಯದೆ ಅವರು ಕಾರ್ಡು ಮುಟ್ಟುತ್ತಿರಲಿಲ್ಲ. ನಾನು ಆತುರಪಟ್ಟರೆ, “ನಿಧಾನ ಮೇಡಂ, ನಂದಿನ್ನೂ ಮುಗಿಯಾ ಕಾಲ, ಪೂರ್ತಿ ಮುಗ್ದಿಲ್ಲ” ಎನ್ನುವರು. ಕೆಲವು ತಿಂಗಳಲ್ಲಿ ಬಾಬುರಾಯನಕೊಪ್ಪಲಿನ ರಫೀಕ್ ಸೇರಿಕೊಂಡ. ಶ್ರೀರಂಗಪಟ್ಟಣದಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು.

ಆ ಸ್ಟುಡಿಯೋದ ಮಹಡಿಯಲ್ಲೇ ಒಮ್ಮೆ ಪಂದ್ಯ ನಡೆಯಿತು. ಮೈಸೂರಿನಿಂದ ಕೆಲವರು ಬಂದಿದ್ದರು. ಕೊನೆಯ ಆಟ ಜವರಪ್ಪನವರಿಗೂ ಕನ್ನಡಕದ ಒಬ್ಬ ಇಂಜಿನಿಯರಿಗೂ. ಇಂಜಿನಿಯರಿಗೆ ಉಳಿದಿದ್ದದ್ದು ಒಂದೇ ಪ್ರಾಣ. ಜವರಪ್ಪ ತಮ್ಮ ಸರದಿ ಮುಗಿಸುತ್ತ ಒಂದು ಕಾರ್ಡು ಇಟ್ಟರು: ಸರದಿಯ ಕೊನೆಯಲ್ಲಿ ಎದುರಾಳಿಗೆ ಒಂದು ಪ್ರಾಣ ನಷ್ಟ. ಇಂಜಿನಿಯರು ಸೋತೆನೆಂದು ಕೈಕುಲುಕಲು ಕೈ ಮುಂದೆ ಚಾಚಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

“ತಡೀರಿ” ಎಂದರು ಜವರಪ್ಪ. “ಕೊನೆ ಸುರುವಾದ್ ಮ್ಯಾಲೆ ನಾನಿದ್ನ ಮಡಗಿದ್ದು. ಇದು ಈ ಸರದೀಲಿ ಕೆಲ್ಸ ಮಾಡಾಕಿಲ್ಲ. ಮುಂದಿನ್ ಸರದಿ ಕೊನೆಗಂಟ ಕಾಯ್ಬೇಕು.”

“ಅರೆ, ಅವ್ರೇ ಸೋತೆ ಅಂತಾವ್ರಲ್ಲ ಜವರಪ್ಪಣ್ಣ!” ರಫೀಕ್ ಹಣೆ ಚಚ್ಚಿಕೊಂಡ.

“ಅವರ್ಗೆ ಗೊತ್ತಿಲ್ಲ ಕಣ್ಲಾ. ನಂಗೊತ್ತಲ್ಲ.”

ಇಂಜಿನಿಯರು ತನ್ನ ಸರದಿಯಲ್ಲಿ ಗೆದ್ದುಬಿಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ ಜವರಪ್ಪ ಕಿಟಕಿ ಕಡೆ ನೋಡುತ್ತಲೇ, “ಆಟ ಚೆಂದಾಗಿತ್ತು ಅಲ್ವಾ ಮೇಡಂ?” ಎಂದರು.

ಇದಾದ ಸ್ವಲ್ಪ ದಿನಕ್ಕೆ ಸ್ಟಾಫ್ ರೂಮಿನಲ್ಲಿ ಒಬ್ಬರು, “ಭಾನುವಾರ ದನದಾಸ್ಪತ್ರೇಲಿ ಇಸ್ಪೀಟಂತೆ?” ಎಂದರು. ಎಲ್ಲರೂ ನಕ್ಕರು. ಆ ಸಂಜೆ ಮನೆ ಓನರಮ್ಮನೂ ಸುತ್ತಿಬಳಸಿ ಅದನ್ನೇ ಕೇಳಿದರು. “ಆ ವಯ್ಯಂಗೆ ಹೆಂಡ್ರು ಮಕ್ಳು ಇಲ್ವಂತಲ್ಲ ಮೇಡಂ?” ನಾನು ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಒಂದು ಫೋನನ್ನೂ ಮಾಡಲಿಲ್ಲ. ಅವರೂ ಯಾಕೆಂದು ಕೇಳಲಿಲ್ಲ.

ಒಂದು ದಿನ ರಫೀಕ್ ಸಂತೆಯಲ್ಲಿ ಸಿಕ್ಕ. “ಮೇಡಂ, ನಿಮ್ ಕುರ್ಚಿ ಹಂಗೇ ಹಾಕ್ತಾರೆ. ನನ್ ಜೊತೆ ಆಡಿ ಅಂದ್ರೆ, ಮೇಡಂದು ಆಟ ಅರ್ಧದಲ್ಲಿ ನಿಂತದೆ ಇರು ಅಂತಾರೆ. ನಿಮ್ ಸರದಿ ಬಂದ್ರೆ ಎದ್ದು ಬಂದು ನಿಮ್ ಕುರ್ಚೀಲಿ ಕೂತು ಆಡ್ತಾರೆ. ಮತ್ತೆ ಎದ್ದು ಆ ಕಡೆ ಹೋಗ್ತಾರೆ.” ನಾನು ಸೊಪ್ಪಿನ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು, ಕ್ಲಾಸಿದೆ ಎಂದು ಸುಳ್ಳು ಹೇಳಿ ಹೊರಟುಬಿಟ್ಟೆ. ಅವತ್ತು ರಜೆಯಿತ್ತು.

ಮಾರನೇ ವರ್ಷ ಅವರಿಗೆ ನಾಗಮಂಗಲಕ್ಕೆ ವರ್ಗವಾಯಿತು. ಬೀಳ್ಕೊಡಲೂ ಹೋಗಲಿಲ್ಲ.

ಎರಡು ವರ್ಷದ ಮೇಲೆ ರಫೀಕ್ ಫೋನ್ ಮಾಡಿ, ಅವರಿಗೆ ಲಕ್ವ ಹೊಡೆದಿದೆಯೆಂದ. ಶನಿವಾರ ಮಧ್ಯಾಹ್ನ ನಾಗಮಂಗಲದ ಬಸ್ಸು ಹತ್ತಿದೆ. ಅವರು ತೀರಿಕೊಂಡದ್ದು ಅದಾದ ಮೂರು ವಾರಕ್ಕೆ.

ಅವತ್ತು ತಮ್ಮ ಅಕ್ಕನ ಮನೆಯ ನಡುಮನೆಯಲ್ಲಿ ಮಂಚದ ಮೇಲೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಯಾರೋ ಇಟ್ಟುಹೋದ ಹಾಗೆ ಬಿದ್ದಿತ್ತು. ಮಾತು ತೊದಲುತ್ತಿತ್ತು.

“ಎಷ್ಟೊತ್ತಿನ್ ಬಸ್ಗೆ ವಾಪಸ್ಸು?”

“ಐದು ಗಂಟೆಯ ಬಸ್ಸಿಗೆ.”

ಎಡಗೈಯಿಂದ ಗೂಡು ತೋರಿಸಿದರು. ಪೆಟ್ಟಿಗೆ ತೆಗೆದೆ, ಕಾರ್ಡು ಹಂಚಿದೆ. ಅವರ ಕಾರ್ಡುಗಳನ್ನು ದಿಂಬಿಗೆ ಒರಗಿಸಿ ನಿಲ್ಲಿಸಿದೆ. ಅವರು ಹೇಳಿದ್ದನ್ನು ನಾನೇ ಎತ್ತಿ ಇಡಬೇಕಾಗಿದ್ದರಿಂದ ಅವರ ಕೈಯಲ್ಲಿರುವುದೆಲ್ಲ ನನಗೆ ಕಾಣುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

“ಜವರಪ್ಪನೋರೆ, ನಾನವತ್ತು ಹೇಳದೆ ಕೇಳದೆ...” ಎಂದು ಶುರುಮಾಡಿದೆ.

“ನಿಮ್ ಸರದಿ. ಆಡಿ” ಎಂದರು.

ನಾಲ್ಕೂವರೆಯ ಹೊತ್ತಿಗೆ ನನ್ನ ಕಡೆ ತಡೆಯುವುದಕ್ಕೆ ಒಂದು ಕಾರ್ಡೂ ಉಳಿದಿರಲಿಲ್ಲ. ಅವರು ಹೊಸದೊಂದು ಕಾರ್ಡು ಎಳೆಯಲು ಹೇಳಿದರು. ಎಳೆದು ದಿಂಬಿಗೆ ಒರಗಿಸಿದೆ. ಅದನ್ನು ಕೆಳಗಿಟ್ಟರೆ ನಾನು ಆ ಕ್ಷಣವೇ ಸೋತಂತೆ. ಎಷ್ಟೋ ಭಾನುವಾರ ಅದೇ ಕಾರ್ಡಿನಿಂದ ನನ್ನನ್ನು ಸೋಲಿಸಿದ್ದರು.

“ಯಾವ್ದು ಇಡಲಿ?” ಎಂದು ಕೇಳಿದೆ.

ಕಾರ್ಡನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು.

“ಯಾವ್ದೂ ಬ್ಯಾಡ. ನಿಮ್ದು.”

ನಾನು ಆಡಿದೆ. ಅವರ ಸರದಿ ಬಂತು. ಮತ್ತೆ, “ಯಾವ್ದೂ ಬ್ಯಾಡ.” ಅವರ ಅಕ್ಕ ಕಾಫಿ ತಂದಿಟ್ಟು ಹೋದರು. ನಾನು ಆಡಿದೆ. ಮೂರನೆಯ ಸಲವೂ ಅದನ್ನೇ ಹೇಳಿದರು, ನನ್ನ ಮುಖ ನೋಡದೆ. ಹೊರಗೆ ಐದರ ಬಸ್ಸು ಹಾರನ್ ಹೊಡೆದುಕೊಂಡು ತಿರುವು ದಾಟಿ ಹೋಯಿತು. ನಾನು ಹೆಗಲ ಚೀಲವನ್ನು ತೆಗೆದು ನೆಲದ ಮೇಲಿಟ್ಟು, ಇನ್ನೊಂದು ಕಾರ್ಡು ಎಳೆದುಕೊಂಡೆ.